ಅವ್ವನ ಬಚ್ಚಲಿಗೆ ಬೆಳಕು

ನಮ್ಮ ಬಚ್ಚಲು ಮನೆಯೊಳಗೆ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಇಳಿದರೆ ಎಡಕ್ಕೆ, ಮನೆಯ ಹಿಂಗೋಡೆಗೆ ಆತುಕೊಂಡು ಒಂದು ಮಾಡು. ಒಂದು ಬದಿಗೆ ಮನೆಯ ಚಿರೆಕಲ್ಲಿನ ಗೋಡೆ, ಉಳಿದ ಬದಿಗಳಿಗೆ ಹೆಣೆದ ತೆಂಗಿನ ಮಡಲಿನ ತಟ್ಟಿ. ಗೋಡೆಯ ಬುಡದಲ್ಲಿ ಮಣ್ಣಿನ ಒಲೆ, ಒಲೆಯ ಮೇಲೆ ಕೂಡಿಸಿದ ತಾಮ್ರದ ಹಂಡೆ. ಹಂಡೆಯ ಪಕ್ಕಕ್ಕೆ ತಣ್ಣೀರಿನ ತೊಟ್ಟಿ. ಅದರ ಮುಂದೆ ನಿಂತು ಮೀಯುವ ಹಾಸುಗಲ್ಲು. ಪಡುವಣ ತಟ್ಟಿಯ ಆಚೆಗೆ ಕಡಲಿಗೆ ಹೋಗುವ ದಾರಿ. ಮಂಕಿ ಊರಿನ ನಮ್ಮ ಕೇರಿಯ ಗಂಡಸರು ದೋಣಿಗೆ ಹೋಗುವುದೂ ಬರುವುದೂ ಆ ದಾರಿಯಲ್ಲೇ.

ಇಷ್ಟನ್ನು ಮೊದಲೇ ಹೇಳಬೇಕು. ಯಾವುದು ಎಲ್ಲಿತ್ತು ಎಂದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅವ್ವ ಮೀನು ಮಾರುತ್ತಿದ್ದಳು. ಬೆಳಿಗ್ಗೆ ದೋಣಿಗಳು ಬಂದ ಮೇಲೆ ಬುಟ್ಟಿ ತುಂಬಿಕೊಂಡು ಹೆದ್ದಾರಿಗೆ ನಡೆದು, ಹೊನ್ನಾವರದ ಕಡೆಗೆ ಹೋಗುವ ಬಸ್ಸು ಹತ್ತುತ್ತಿದ್ದಳು. ಅಲ್ಲಿಂದ ಮನೆ ಮನೆಗೆ. ಬುಟ್ಟಿ ಬರಿದಾಗಿ ಅವಳು ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. ಕೇರಿಯ ಎಲ್ಲ ಮನೆಗಳಲ್ಲೂ ಒಂದೇ ಪದ್ಧತಿ: ಮೀನು ಮಾರಿ ಬಂದವಳು ಮುಂಬಾಗಿಲಿಗೆ ಬರುವುದಿಲ್ಲ. ಸುತ್ತು ಹಾಕಿ ಹಿತ್ತಲಿಗೆ ಬಂದು, ಬುಟ್ಟಿಯನ್ನು ಬಾವಿಕಟ್ಟೆಯ ಹತ್ತಿರ ಕವುಚಿ, ಬಚ್ಚಲಲ್ಲಿ ಮಿಂದು, ಸೀರೆ ಬದಲಿಸಿ, ಆಮೇಲೆ ಒಳಗೆ ಕಾಲಿಡಬೇಕು. ಒಳಗೆ ಬಂದವಳೇ ದೇವರ ಮುಂದೆ ದೀಪ ಹಚ್ಚಬೇಕು. ನಮ್ಮ ಅಜ್ಜಿ, ಅಪ್ಪನ ಅವ್ವ, ಈ ವಿಷಯದಲ್ಲಿ ಒಂದು ಮಾತನ್ನೂ ಕೇಳುತ್ತಿರಲಿಲ್ಲ. ಅವಳೂ ಹಾಗೆ ಮಿಂದವಳೇ.

ಹೀಗಾಗಿ ಅವ್ವ ದಿನವೂ ಮೀಯುತ್ತಿದ್ದದ್ದು ಬೆಳಕು ಆರುವ ಹೊತ್ತಿನಲ್ಲಿ. ಅವಳ ಕಣ್ಣು ಮೊದಲು ಕೈಕೊಟ್ಟದ್ದೂ ಆ ಹೊತ್ತಿನಲ್ಲೇ.

ಅವಳಿಗೆ ಇರುಳುಗಣ್ಣು ಇದೆ ಎಂಬುದು ಮನೆಯಲ್ಲಿ ಹೊಸ ಸಂಗತಿಯಾಗಿರಲಿಲ್ಲ. ಸಂಜೆ ಬಸ್ಸಿಳಿದ ಮೇಲೆ ಅವಳು ಜೊತೆಯ ಹೆಂಗಸರ ಬೆನ್ನ ಹಿಂದೆಯೇ ನಡೆಯುತ್ತಿದ್ದಳು. ಅವರು ಅದನ್ನು ಗಮನಿಸಿ, ಕೆಸರು ಬಂದಲ್ಲಿ ಸುಮ್ಮನೆ "ಕೆಸರು" ಅನ್ನುತ್ತಿದ್ದರು. ಮನೆಯಲ್ಲಿ ಮೀನೆಣ್ಣೆ ಕುಡಿಸಿದ್ದರು. ನುಗ್ಗೆಸೊಪ್ಪು ತಿನ್ನಿಸಿದ್ದರು. ಒಂದು ಸಂಜೆ ಅವಳು ಹಂಡೆಯೊಳಗೆ ಚೊಂಬು ಇಳಿಸುವ ಬದಲು ಕೈಯನ್ನೇ ಮೊಣಕೈವರೆಗೆ ಇಳಿಸಿದಳು. ನೀರು ಕುದಿಯುತ್ತಿತ್ತು. ಕೂಗಲಿಲ್ಲ. ನಾನು ಅಡುಗೆಮನೆಯಲ್ಲಿದ್ದೆ, ನನಗೆ ಕೇಳಿಸಿದ್ದು ಚೊಂಬು ಕಲ್ಲಿನ ಮೇಲೆ ಉರುಳಿದ ಸದ್ದು ಮಾತ್ರ. ಹೋಗಿ ನೋಡಿದರೆ ಅವಳು ತೊಟ್ಟಿಯ ತಣ್ಣೀರಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದಳು.

"ಎಂತ ಆತು?"

"ಎಂತದೂ ಇಲ್ಲ. ಹಂಡೆ ತುಂಬ್ಲಿಲ್ಲ ಅಂದ್ಕಂಡೆ. ತುಂಬಿತ್ತು."

ನಾನಾಗ ಹೈಸ್ಕೂಲು ಬಿಟ್ಟು ಮನೆಯಲ್ಲಿದ್ದೆ. ಅಡುಗೆಯೂ ಅಜ್ಜಿಯ ಆರೈಕೆಯೂ ನನ್ನದು. ಅಣ್ಣ ನನಗಿಂತ ದೊಡ್ಡವನು, ಯಾಂತ್ರಿಕ ಬೋಟಿಗೆ ಹೋಗುತ್ತಿದ್ದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕೇರಿಯ ಗಟ್ಟಿಮುಟ್ಟಾದ ಹುಡುಗರೆಲ್ಲ ದೋಣಿ ಬಿಟ್ಟು ಬೋಟು ಹಿಡಿದಿದ್ದರು.

ಸುಟ್ಟ ಕೈಗೆ ಪಟ್ಟಿ ಕಟ್ಟಿಕೊಂಡೇ ಅವ್ವ ಕುಮಟೆಗೆ ಬಂದಳು. ಅಲ್ಲಿ ಒಬ್ಬ ಕಣ್ಣಿನ ಡಾಕ್ಟರರು ಇದ್ದರು. ಅಣ್ಣನೂ ನಾನೂ ಜೊತೆಗಿದ್ದೆವು. ಡಾಕ್ಟರರು ಕೋಣೆ ಕತ್ತಲು ಮಾಡಿ, ಕಣ್ಣಿಗೆ ಹನಿ ಹಾಕಿ, ತುಂಬ ಹೊತ್ತು ನೋಡಿದರು. ಆಮೇಲೆ ಅವಳಿಗೆ ನೆಟ್ಟಗೆ ನೋಡಲು ಹೇಳಿ, ತಮ್ಮ ಬೆರಳನ್ನು ಪಕ್ಕದಿಂದ ನಿಧಾನವಾಗಿ ಮುಂದಕ್ಕೆ ತಂದರು. ಬೆರಳು ಮೂಗಿನ ಹತ್ತಿರ ಬರುವವರೆಗೂ ಅವ್ವ "ಇಲ್ಲ, ಇಲ್ಲ" ಅನ್ನುತ್ತಲೇ ಇದ್ದಳು. ಅದನ್ನು ನೋಡುವವರೆಗೆ ನನಗೆ ಗೊತ್ತಿರಲಿಲ್ಲ. ಕಾಣದಿರುವುದು ಕತ್ತಲಲ್ಲಿ ಮಾತ್ರ ಎಂದುಕೊಂಡಿದ್ದೆ.

"ಹೇಗೆ ಕಾಣ್ತದೆ ಹೇಳಿ" ಎಂದರು ಡಾಕ್ಟರರು.

"ಬಳೆ ಒಳಗಿಂದ ನೋಡ್ದಂಗೆ" ಎಂದಳು ಅವ್ವ. "ಬಳೆ ಒಳಗೆ ಇದ್ದದ್ದು ಸಮ ಕಾಣ್ತದೆ. ಹೊರಗಿಂದು ಇಲ್ಲ."

ಅವರು ಮದುವೆ ಯಾರ ಜೊತೆ ಎಂದು ಕೇಳಿದರು. ಸೋದರಮಾವನ ಮಗ ಎಂದಳು. ನಿಮ್ಮ ತಾಯಿಗೆ ಹೀಗಿತ್ತೇ ಎಂದು ಕೇಳಿದರು. ಕಡೆಕಡೆಗೆ ಕಾಣುತ್ತಿರಲಿಲ್ಲ, ವಯಸ್ಸಾಗಿತ್ತು ಎಂದಳು. ಕಣ್ಣಿನ ಹಿಂದಿನ ಪದರ ಒಣಗುತ್ತ ಬಂದಿದೆ, ಇದಕ್ಕೆ ಔಷಧಿ ಇಲ್ಲ, ಮುಂಬಯಿಗೆ ಹೋದರೂ ಇಲ್ಲ, ಮಕ್ಕಳಿಗೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಅವರು ಮೆತ್ತಗೆ ಹೇಳಿದರು. ಎದ್ದು ಹೊರಡುವಾಗ, ಏನಾದರೂ ಹೇಳಬೇಕಲ್ಲ ಎಂಬಂತೆ, "ಆದಷ್ಟು ಬೆಳಕಿದ್ದಲ್ಲಿ ಕೆಲಸ ಮಾಡಿ, ಅಮ್ಮ" ಎಂದರು.

ಅಷ್ಟೂ ಮಾತಿನಲ್ಲಿ ನಾವು ಮನೆಗೆ ತಂದದ್ದು ಆ ಕೊನೆಯದೊಂದನ್ನೇ. ಬಸ್ಸಿನಲ್ಲಿ ಅಣ್ಣ ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದ. "ಬೆಳಕಿದ್ರೆ ಕಾಣ್ತದೆ ಅಂದ್ರಲ್ಲ. ಹಂಗಾರೆ ಬೆಳಕು ಮಾಡುವ." ಡಾಕ್ಟರರು ಹಾಗೆ ಹೇಳಿರಲಿಲ್ಲ. ನಾನು ತಿದ್ದಲಿಲ್ಲ. ನನಗೂ ಅದು ಹಾಗೆಯೇ ಕೇಳಿಸಿತ್ತು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಬೀಡಿ ಹಚ್ಚಿದ. ಅವ್ವನ ಕಡೆ ನೋಡದೆ ಹೇಳಿದ:

"ಬಚ್ಚಲಿಗೆ ಹೋಗ್ಲಿಕ್ಕೆ ಕೈ ಹಿಡಿಯೋರು ಬೇಕಾದ್ರೆ ಪ್ಯಾಟೆಗೆ ಹೋಗುದು ಹ್ಯಾಂಗೆ? ಬಸ್ಸಿನ ಅಡಿಗೆ ಬಿದ್ರೆ? ಮನೇಲಿ ಕೂತ್ಕ."

"ಕೈ ಹಿಡಿ ಅಂತ ಯಾರಿಗಾದ್ರೂ ಹೇಳಿದ್ನಾ?" ಎಂದಳು ಅವ್ವ.

"ಕೈ ಸುಟ್ಕಂಡಿಯಲ್ಲ."

"ಒಂದಿನ ಸುಟ್ಕಂಡೆ."

"ಇನ್ನೊಂದಿನ ಸುಟ್ಕಂಡ್ರೆ ಬುಟ್ಟಿ ನಾನೇ ಒಲೆಗೆ ಹಾಕ್ತೆ. ನೋಡ್ಕ."

ಅಪ್ಪ ಕ್ರೂರಿಯಲ್ಲ. ಹೆದರಿದ್ದ. ಆದರೆ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವವನೂ ಅಲ್ಲ. ಆ ದಿನದಿಂದ ಅವ್ವನ ತಿರುಗಾಟ ಬಚ್ಚಲ ಮೇಲೆ ನಿಂತಿತು. ಅವಳು ಯಾರ ಸಹಾಯವಿಲ್ಲದೆ, ಸುಟ್ಟುಕೊಳ್ಳದೆ, ಬೀಳದೆ ಸಂಜೆ ಮಿಂದು ಒಳಗೆ ಬಂದಷ್ಟು ದಿನ ಮಾತ್ರ ಬುಟ್ಟಿ ಹೊತ್ತು ಹೋಗಬಹುದಿತ್ತು. ಅವಳಿಗೆ ಆ ತಿರುಗಾಟ ಏನಾಗಿತ್ತು ಎಂದು ನಾನು ಸರಿಯಾಗಿ ಹೇಳಲಾರೆ. ಬುಟ್ಟಿ ತಲೆಗೇರಿಸಿದ ಕೂಡಲೇ ಅವಳ ದನಿ ದೊಡ್ಡದಾಗುತ್ತಿತ್ತು, ಅದನ್ನು ನಾನು ಬಲ್ಲೆ. ಮನೆಯೊಳಗೆ ಅವಳು ಆ ದನಿಯಲ್ಲಿ ಮಾತಾಡಿದ್ದು ನಾನು ಕೇಳಿಲ್ಲ.

ಮನೆಗೆ ಕರೆಂಟು ಬಂದು ಹೆಚ್ಚು ಕಾಲವಾಗಿರಲಿಲ್ಲ. ಜಗಲಿಗೊಂದು, ಅಡುಗೆಮನೆಗೊಂದು ಬಲ್ಬು, ಅಷ್ಟೇ. ಬಚ್ಚಲಿಗೆ ಕರೆಂಟು ಎಳೆಸುವುದೆಂದರೆ ಕೇರಿಯಲ್ಲಿ ಯಾರೂ ಮಾಡದ ಕೆಲಸ. ಚಿಮಣಿ ಬುಡ್ಡಿ ಸಾಕಾಗುತ್ತಿತ್ತು, ಅಥವಾ ಒಲೆಯ ಬೆಂಕಿಯೇ ಸಾಕಾಗುತ್ತಿತ್ತು. ಅಣ್ಣ ಹೊನ್ನಾವರದಿಂದ ಒಬ್ಬ ವೈರ್‌ಮನ್ನನನ್ನು ಕರೆತಂದ. ಅವನು ಬಾಯಿಗೆ ಬೀಗವಿಲ್ಲದ ಮನುಷ್ಯ. ಮಾಡಿನ ಬಿದಿರನ್ನು ಅಲ್ಲಾಡಿಸಿ ನೋಡಿ, "ಇಲ್ಲಿಗೆ ಬಲ್ಬು ಹಾಕಿದ್ರೆ ಬಲ್ಬಿಗೇ ನಾಚ್ಕೆ ಆಗ್ತದೆ" ಎಂದ. ಮಾಡಿನ ನಡುವಿನ ಬಿದಿರಿಗೆ ಹೋಲ್ಡರ್ ಇಳಿಬಿಟ್ಟ. ನೀರು ತಾಗಬಾರದೆಂದು ಸ್ವಿಚ್ಚನ್ನು ಹೊರಗೆ, ಹಿತ್ತಲ ಬಾಗಿಲಿನ ಪಕ್ಕಕ್ಕೆ ಕೂಡಿಸಿದ.

ಮೊದಲ ಸಂಜೆ ಬೆಳಕು ಚೆನ್ನಾಗಿತ್ತು. ಅವ್ವ ಹೆಚ್ಚು ಹೊತ್ತು ಮಿಂದಳು. ಹೊರಗೆ ಬಂದು, "ಹಂಡೆ ಬಾಯಿ ಕಂಡ್ತು" ಎಂದಳು. ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ಎದ್ದು ಜಗಲಿಗೆ ಹೋದ, ಅದೇ ಒಪ್ಪಿಗೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಪಕ್ಕದ ಮನೆಯ ಅಕ್ಕ ಬಂದಳು. ಅವಳು ನಮ್ಮ ಅವ್ವನ ಜೊತೆಗೇ ಬುಟ್ಟಿ ಹೊರುವವಳು. ಹಿತ್ತಲಲ್ಲೇ ನಿಂತು, ಸೆರಗನ್ನು ಬಾಯಿಗೆ ಹಿಡಿದುಕೊಂಡು ಹೇಳಿದಳು:

"ನಿಮ್ಮನೇಲಿ ದಿನಾ ಆಟ ಆಗ್ತದಂತಲ್ಲೆ ಮಾರಾಯ್ತಿ. ಟಿಕೇಟಿಲ್ಲ, ಚಂಡೆಯಿಲ್ಲ."

"ಎಂತ ಆಟ?" ಎಂದೆ.

"ಎಂತ ಆಟ ಅಂತೆ. ಬಚ್ಚಲಲ್ಲಿ ಸೂರ್ಯನ್ನೇ ತಂದು ಕಟ್ಟೀರಿ. ದೋಣಿಗೆ ಹೋಗೋ ಗಂಡ್ಸ್ರು ನಿಮ್ಮನೆ ಹಿಂದೆ ಬಂದ ಕೂಡ್ಲೆ ಬೀಡಿ ಹಚ್ಚೂಕೆ ನಿಲ್ತಾರೆ. ಅಲ್ಲಿಗೇ ಬಂದು ಎಲ್ರಿಗೂ ಬೀಡಿ ನೆನಪಾಗುದು."

ಆ ಸಂಜೆ ನಾನು ದಾರಿಗೆ ಹೋಗಿ ನಿಂತು ನೋಡಿದೆ. ತಟ್ಟಿಯ ಹೆಣಿಗೆಯ ಪ್ರತಿ ಸಂದಿನಿಂದಲೂ ಬೆಳಕು ಸೋರುತ್ತಿತ್ತು. ಒಳಗೆ ಅವ್ವ ಅಲುಗಿದಾಗ ಆ ಸಂದುಗಳು ಒಂದೊಂದಾಗಿ ಮುಚ್ಚುತ್ತಿದ್ದವು, ಒಂದೊಂದಾಗಿ ತೆರೆಯುತ್ತಿದ್ದವು. ಅವಳು ಬಗ್ಗಿದ್ದು, ಎದ್ದದ್ದು, ಕೈಯೆತ್ತಿದ್ದು ಎಲ್ಲ ಗೊತ್ತಾಗುತ್ತಿತ್ತು. ಬಲ್ಬು ತಲೆಯ ಮೇಲಿದ್ದರೆ ಹಂಡೆಯ ಬಾಯಿ ಕಾಣುತ್ತದೆಂದು ನಾವು ಹಂಡೆಯನ್ನಷ್ಟೇ ಯೋಚಿಸಿದ್ದೆವು. ಅವಳು ತಟ್ಟಿಯ ಕಡೆ ಸರಿದರೆ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ. ಕತ್ತಲೆಯೇ ಆ ಬಚ್ಚಲಿನ ಪಡುವಣ ಗೋಡೆಯಾಗಿತ್ತು.

ಕಂಡದ್ದನ್ನು ಅವ್ವನಿಗೆ ಹೇಳಿದೆ. ಮರುದಿನದಿಂದ ಅವಳು ಸ್ವಿಚ್ಚು ಮುಟ್ಟಲಿಲ್ಲ. ಕತ್ತಲಲ್ಲೇ ಮಿಂದಳು. ನಾನು ಹಾಕಹೋದರೆ, "ತೆಗಿ" ಎಂದಳು, ಅಷ್ಟೇ.

ಅಣ್ಣ ಬೋಟಿನಿಂದ ಬಂದವನು ಇದನ್ನು ಕೇಳಿ ಹೋಲ್ಡರನ್ನು ಕಿತ್ತು ಪಡುವಣ ತಟ್ಟಿಯ ಗೂಟಕ್ಕೇ ಕಟ್ಟಿದ. ಬೆಳಕು ತಟ್ಟಿಯ ಕಡೆಯಿಂದ ಬಂದರೆ ನೆರಳು ಮನೆಯ ಗೋಡೆಯ ಮೇಲೆ ಬೀಳುತ್ತದೆ, ದಾರಿಗೆ ಕಾಣುವುದಿಲ್ಲ. ಅದು ನಿಜವೇ. ನಾನು ದಾರಿಯಲ್ಲಿ ನಿಂತು ನೋಡಿದೆ, ಬರೀ ಬೆಳಕಿನ ಗೀರುಗಳು, ಒಳಗಿನದೇನೂ ತಿಳಿಯುವುದಿಲ್ಲ. ಆದರೆ ಈಗ ಅವ್ವನ ಮೈಯೇ ಬಲ್ಬಿಗೂ ಹಂಡೆಗೂ ನಡುವೆ ನಿಂತಿತು. ಅವಳ ನೆರಳು ಹಂಡೆಯ ಬಾಯನ್ನು ಪೂರ್ತಿ ಮುಚ್ಚಿತು. ಪಕ್ಕಕ್ಕೆ ಸರಿದು ನೋಡಿದರೆ ಹಂಡೆ ಬಳೆಯ ಹೊರಗೆ ಹೋಗುತ್ತಿತ್ತು. ತಿರುಗಿ ನಿಂತರೆ ಬಲ್ಬು ಕಣ್ಣಿಗೇ ಹೊಡೆಯುತ್ತಿತ್ತು, ಆಮೇಲೆ ಬಹಳ ಹೊತ್ತು ಬಿಳುಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇದರ ಮೇಲೆ ಸಂಜೆಯ ಓಲ್ಟೇಜು. ಎಲ್ಲ ಮನೆಗಳೂ ಬಲ್ಬು ಹಾಕುವ ಆ ಹೊತ್ತಿನಲ್ಲಿ ನಮ್ಮದು ಕೆಂಡದಂತೆ ಕೆಂಪಗಾಗಿ ನಿಲ್ಲುತ್ತಿತ್ತು.

ಮಳೆಗಾಲದಲ್ಲಿ ಬೋಟುಗಳು ದಡದಲ್ಲಿದ್ದವು. ಅಣ್ಣನೂ ಅಪ್ಪನೂ ಮನೆಯಲ್ಲಿದ್ದರು. ಅವ್ವ ಒಣಮೀನು ಮಾರುತ್ತಿದ್ದಳು. ಆಗ ಅಣ್ಣ ಹಟ ಹಿಡಿದು ಅಪ್ಪನನ್ನು ಒಪ್ಪಿಸಿದ: ಮಳೆ ನಿಂತ ಕೂಡಲೇ ತಟ್ಟಿ ತೆಗೆದು ಚಿರೆಕಲ್ಲಿನ ಗೋಡೆ ಎಬ್ಬಿಸುವುದು.

ಎಬ್ಬಿಸಿದರು. ಕಲ್ಲನ್ನು ಅಪ್ಪನೇ ಹೊತ್ತು ತಂದ. ಗೋಡೆಯಾದ ಮೇಲೆ ದೀಪವನ್ನು ಎಲ್ಲಿ ಹಾಕಬೇಕೆಂದು ಅಣ್ಣ ಈ ಸಲ ವೈರ್‌ಮನ್ನನನ್ನು ಕೇಳಲಿಲ್ಲ, ಅವ್ವನನ್ನೇ ಕೇಳಿದ. ಹಲವು ಸಂಜೆ ಅವರಿಬ್ಬರೂ ಬಚ್ಚಲಲ್ಲಿ ಇದೇ ಕೆಲಸ ಮಾಡಿದರು. ಅವ್ವ ಹಾಸುಗಲ್ಲಿನ ಮೇಲೆ ಚೊಂಬು ಹಿಡಿದು ನಿಲ್ಲುವುದು. ಅಣ್ಣ ಲಾಟೀನು ಹಿಡಿದು ಗೋಡೆಯುದ್ದಕ್ಕೂ ಸರಿಯುವುದು. ನಾನು ಇದ್ದಿಲಿನಿಂದ ಗೋಡೆಗೆ ಗುರುತು ಹಾಕುವುದು.

"ಇಲ್ಲಿ?"

"ಇಲ್ಲ. ಕಣ್ಣಿಗೆ ಕುಕ್ತದೆ."

"ಇಲ್ಲಿ?"

"ಹಂಡೆ ಕಾಣ್ತದೆ, ಬಕೇಟು ಇಲ್ಲ."

"ಕೆಳಗೆ ತಂದೆ. ಈಗ?"

"ತಡಿ. ಇನ್ನೊಂಚೂರು. ಹಾಂ, ಅಲ್ಲೇ. ಅಲ್ಲಾಡ್ಬೇಡ."

"ಅಲ್ಲಾಡ್ಲಿಲ್ಲ ಅವ್ವ. ಕೈ ಸೋತು ಹೋತು."

"ಬೋಟಲ್ಲಿ ಬಲೆ ಎಳ್ಯೋ ಕೈ ಒಂದು ಲಾಟೀನಿಗೆ ಸೋಲ್ತದಾ? ಬೋಟಿನೋರು ಸಂಬ್ಳ ಎಂತಕೆ ಕೊಡ್ತಾರೆ ನಿಂಗೆ?"

ಆ ದಿನಗಳಲ್ಲಿ ಅವಳು ನಕ್ಕದ್ದು ನನಗೆ ನೆನಪಿದೆ. ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು, "ಮದ್ಲಿಂಗಿತ್ತಿಗೆ ಅಲಂಕಾರ ಮಾಡ್ದಂಗೆ ಬಚ್ಚಲಿಗೆ ಮಾಡ್ತಾ ಕೂತೀರಲ್ಲ" ಎಂದು ಗೊಣಗುತ್ತಿದ್ದಳು.

ಕೊನೆಗೆ ನಿಂತದ್ದು ಹೀಗೆ. ಹಂಡೆಯ ಎಡಗಡೆಯ ಗೋಡೆಯಲ್ಲಿ, ಅವ್ವನ ಎದೆಯ ಎತ್ತರಕ್ಕೆ ಒಂದು ಬಲ್ಬು. ಅದಕ್ಕೆ ಸೀಮೆಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ ಮಾಡಿದ ಮರೆ, ಬೆಳಕು ಕಣ್ಣಿಗೆ ಬಾರದೆ ಹಂಡೆಯ ಬಾಯಿಗೂ ಬಕೇಟಿಗೂ ಮಾತ್ರ ಬೀಳುವಂತೆ. ಬಾಗಿಲ ಬಳಿಯ ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಇನ್ನೊಂದು, ನೆಲಕ್ಕಾಗಿ. ಎರಡಕ್ಕೂ ಒಂದೇ ಸ್ವಿಚ್ಚು, ಹಳೆಯದೇ. ಹಾಸುಗಲ್ಲಿನ ಅಂಚಿಗೆ, ತೊಟ್ಟಿಯ ಅಂಚಿಗೆ, ಹೊಸ್ತಿಲಿಗೆ ಸುಣ್ಣದ ಗೆರೆ. ಹಂಡೆಯ ಕಂಠದ ಹೊರಸುತ್ತಿಗೂ ಸುಣ್ಣ. ಅದು ಬೆಂಕಿಗೆ ಉದುರುತ್ತಿತ್ತು, ನಾನು ಎರಡು ದಿನಕ್ಕೊಮ್ಮೆ ಬಳಿಯುತ್ತಿದ್ದೆ. ಕಂದು ಚೊಂಬಿನ ಬದಲು ಬಿಳಿಯ ಎನಾಮಲಿನ ಚೊಂಬು.

ವೈರ್‌ಮನ್ ಬಂದು ಇದನ್ನೆಲ್ಲ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಅರವತ್ತು ಕ್ಯಾಂಡಲಿನ ಎರಡು ಬಲ್ಬು ಹಾಕಿ ಸ್ವಿಚ್ಚು ಒತ್ತಿಸಿದ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಬಚ್ಚಲು ತುಂಬ ಬೆಳಕು.

"ಸಾಲೂದಿಲ್ಲ" ಎಂದ ಅಣ್ಣ.

"ಸಾಲೂದಿಲ್ವಾ?"

"ನೂರರದ್ದು ಹಾಕು. ಮೂಲೆ ಮೂಲೆ ಕಪ್ಪದೆ."

"ಅಣ್ಣಾ, ಇದೇ ಮದುವೆ ಚಪ್ಪರಕ್ಕಾದೀತು. ಮೂಲೇಲಿ ಇರುವೆ ಹೋಗುದು ನಂಗೆ ಕಾಣ್ತದೆ. ನಿಂಗೆ ಎಂತ ಕಪ್ಪು ಕಂಡ್ತು?"

ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಆದರೆ ನೂರರದ್ದನ್ನೇ ಹಾಕಿಸಿದ. ಅವ್ವ ನಗಲಿಲ್ಲ. ಅವಳು ಅಣ್ಣನ ದನಿ ಬಂದ ಕಡೆಗೆ ಮುಖ ತಿರುಗಿಸಿ, ತನ್ನ ಬಳೆಯೊಳಗೆ ಅವನನ್ನು ಹುಡುಕುತ್ತಿದ್ದಳು. ಅದಕ್ಕೆ ಆಗ ನಾನು ಅರ್ಥ ಕೊಡಲಿಲ್ಲ.

ಆ ಬೆಳಕಿನಲ್ಲಿ ಅವ್ವ ಒಂದು ಹಂಗಾಮು ಮಿಂದಳು. ಬಂಗಡೆಯ ಕಾಲ ಬಂದು ಹೋಯಿತು. ಅವಳು ಬುಟ್ಟಿ ಕವುಚುವ ಸದ್ದು, ನಾನು ಸ್ವಿಚ್ಚು ಒತ್ತುವ ಸದ್ದು, ಆಮೇಲೆ ನೀರು. ಸುಟ್ಟುಕೊಳ್ಳಲಿಲ್ಲ, ಬೀಳಲಿಲ್ಲ. ಅಪ್ಪ ಒಂದು ದಿನ ಬಚ್ಚಲೊಳಗೆ ಹೋಗಿ ತಗಡಿನ ಮರೆಯನ್ನು ಮುಟ್ಟಿ ನೋಡಿ, "ಅಡ್ಡಿಲ್ಲ" ಎಂದ. ನಾವು ಗೆದ್ದೆವು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಅಂದುಕೊಂಡಿದ್ದೆ.

ಬೇಸಿಗೆಯ ಒಂದು ಸಂಜೆ. ಅಣ್ಣ ಆ ದಿನ ಮನೆಯಲ್ಲಿದ್ದ. ಅವ್ವ ಮಿಂದು ಸೀರೆ ಉಟ್ಟು ಸೆರಗು ಸರಿಪಡಿಸಿಕೊಳ್ಳುತ್ತಿದ್ದಾಗ ಕರೆಂಟು ಹೋಯಿತು. ಕತ್ತಲಾಗಿರಲಿಲ್ಲ. ಬಾವಿಕಟ್ಟೆ, ಬುಟ್ಟಿ, ಬಚ್ಚಲ ತೆರೆದ ಬಾಗಿಲು, ಗೋಡೆಯ ಗೂಡಿನಲ್ಲಿ ಇಟ್ಟ ಚಿಮಣಿ ಬುಡ್ಡಿ, ಅದರ ಪಕ್ಕದ ಬೆಂಕಿಪೆಟ್ಟಿಗೆ, ಇಷ್ಟನ್ನೂ ನಾನು ಹಿತ್ತಲ ಮೆಟ್ಟಿಲಿನಿಂದ ಕಾಣುತ್ತಿದ್ದೆ. ಅವ್ವ ಒಳಗಿಂದ, "ಬುಡ್ಡಿ ಹಚ್ಚು" ಎಂದಳು. ಅಣ್ಣ ಹೋದ.

ಹೊಸ್ತಿಲ ಹತ್ತಿರ ಅವನ ಕಾಲು ಬಕೇಟಿಗೆ ತಾಗಿತು. ಆಮೇಲೆ ಗೋಡೆಯ ಮೇಲೆ ಅವನ ಅಂಗೈ ಸರಿಯುವ ಸದ್ದು. ಒರಟು ಕಲ್ಲಿನ ಮೇಲೆ ಅಂಗೈ ನಿಧಾನಕ್ಕೆ ಸರಿದು, ನಿಂತು, ಮತ್ತೆ ಸರಿಯಿತು. ಬೆಂಕಿಪೆಟ್ಟಿಗೆಯನ್ನು ದಾಟಿಹೋಯಿತು. ತಿರುಗಿ ಬಂತು. ಬುಡ್ಡಿಗೆ ತಾಗಿ ಬುಡ್ಡಿ ಉರುಳಿತು.

ಅಂಗೈ ತಡಕುವ ಆ ಸದ್ದನ್ನು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವ್ವ. ಅವಳು ಸೆರಗು ಸರಿಪಡಿಸುವುದನ್ನು ನಿಲ್ಲಿಸಿದಳು.

"ಬಾಗ್ಲು ತೆಗ್ದದಾ?" ಎಂದು ಕೇಳಿದಳು.

"ತೆಗ್ದದೆ."

"ಹೊರಗೆ ಬೆಳಕು ಅದಾ?"

ಅಣ್ಣ ಉರುಳಿದ ಬುಡ್ಡಿಯನ್ನು ತಡವಿ ನೆಟ್ಟಗೆ ನಿಲ್ಲಿಸಿದ.

"ನಿನ್ನತ್ರ ಕೇಳಿದ್ದು. ಹೊರಗೆ ಬೆಳಕದಾ ಇಲ್ವಾ?"

"ಅದೆ" ಎಂದೆ ನಾನು ಮೆಟ್ಟಿಲಿನಿಂದ. ಅವನ ಪರವಾಗಿ ಹೇಳಿದೆನೋ, ಹೆದರಿ ಹೇಳಿದೆನೋ.

"ಎಷ್ಟು ದಿನ ಆತು ನಿಂಗೆ?"

"ಹೋದ ವರ್ಷ ಬಲೆ ಹಗ್ಗ ತಪ್ತಿತ್ತು. ರಾತ್ರೆ ಮಾತ್ರ" ಎಂದ ಅಣ್ಣ. "ಸುಸ್ತಿಗೆ ಅಂತ ಮಾಡಿದ್ದೆ."

"ಬೋಟಿನೋರಿಗೆ ಗೊತ್ತದಾ?"

"ಇಲ್ಲ."

ಅವ್ವ ಗೋಡೆ ಹಿಡಿದು ಹೊಸ್ತಿಲಿಗೆ ಬಂದಳು. ಅವಳ ಕೈ ಅವನ ಮುಖವನ್ನು ಹುಡುಕಿ, ಕಣ್ಣಿನ ಮೇಲೆ ಬಂದು ನಿಂತಿತು. ಅವನು ದೊಡ್ಡ ಮೈಯವನು. ಬಾಗಿ ನಿಂತುಕೊಂಡಿದ್ದ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ನೂರು ಕ್ಯಾಂಡಲಿನ ಎರಡು ಬಲ್ಬೂ ಹೊತ್ತಿಕೊಂಡವು, ಅವ್ವ ಕೈ ತೆಗೆದಳು.

ಆ ಬಲ್ಬುಗಳನ್ನು ಅವನು ಯಾರ ಕಣ್ಣಿನ ಅಳತೆಗೆ ಹಾಕಿಸಿದ್ದ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಉತ್ತರ ಗೊತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಅಪ್ಪ ನಂಬಲಿಲ್ಲ. ಇದು ಅವ್ವನ ತಾಯಿಯಿಂದ ಬಂದದ್ದು, ಹೆಂಗಸರ ರೋಗ, ಗಂಡುಮಕ್ಕಳಿಗೆ ಬರುವುದಿಲ್ಲ ಎಂದ. ಹಾಗೆ ಯಾರೂ ಹೇಳಿರಲಿಲ್ಲ. ಅದನ್ನು ಅವನು ತನಗೆ ಬೇಕಾದಂತೆ ಕಟ್ಟಿಕೊಂಡಿದ್ದ. ಅಣ್ಣ ಇನ್ನೊಂದು ಹಂಗಾಮು ಬೋಟಿಗೆ ಹೋದ. ಒಂದು ರಾತ್ರಿ ಹಗ್ಗದಲ್ಲಿ ಕಾಲು ಸಿಕ್ಕಿ ಬಿದ್ದ. ನೀರಿಗಲ್ಲ, ಬೋಟಿನೊಳಗೇ. ಆಮೇಲೆ ಬೋಟಿನವರೇ ಬರುವುದು ಬೇಡವೆಂದರು, ಮರ್ಯಾದೆಯಿಂದಲೇ. ಕುಮಟೆಗೆ ಹೋಗಿ ಬಂದ. ಡಾಕ್ಟರರು ಅವ್ವನಿಗೆ ಹೇಳಿದ್ದನ್ನೇ ಹೇಳಿದ್ದರು.

ಅಷ್ಟರಲ್ಲಿ ಅವ್ವನ ಬಳೆ ಮುಚ್ಚುತ್ತ ಬಂದಿತ್ತು. ಬಚ್ಚಲಲ್ಲಿ ಬೆಳಕು ಇದ್ದ ಹಾಗೆಯೇ ಇತ್ತು. ಸುಣ್ಣದ ಗೆರೆಗಳನ್ನು ನಾನು ದಪ್ಪ ಮಾಡಿದೆ. ಮೊದಲು ಅವಳಿಗೆ ತೊಟ್ಟಿಯ ಅಂಚಿನ ಗೆರೆ ಹೋಯಿತು, ಆಮೇಲೆ ಹಾಸುಗಲ್ಲಿನದು, ಕೊನೆಗೆ ಹಂಡೆಯ ಕಂಠ. ತಗಡಿನ ಮರೆ ತೆಗೆದು ನೋಡಿದೆವು. ಬಲ್ಬನ್ನು ಇನ್ನೂ ಹತ್ತಿರ ತಂದು ನೋಡಿದೆವು. ಅಣ್ಣ ಲಾಟೀನು ಹಿಡಿದು ಮತ್ತೆ ಗೋಡೆಯುದ್ದಕ್ಕೂ ಸರಿದ. ಈ ಸಲ ಅವನಿಗೇ ನನ್ನ ಇದ್ದಿಲಿನ ಗುರುತು ಕಾಣುತ್ತಿರಲಿಲ್ಲ.

"ಇಲ್ಲಿ?"

"ಬಿಸಿ ಬಂದಂಗೆ ಆಗ್ತದೆ" ಎಂದಳು ಅವ್ವ. "ಬೆಳಕಲ್ಲ."

"ಕೆಳಗೆ ತರ್ಲಾ?"

"ಬೇಡ. ಸಾಕು. ಕೆಳಗಿಡು, ಕೈ ನೋಯ್ತದೆ ನಿಂಗೆ."

ಅವಳು ಬುಟ್ಟಿ ಬಿಟ್ಟದ್ದು ಅಪ್ಪನ ಮಾತಿನಿಂದಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಹಿತ್ತಲಿಗೆ ಬಂದು ಕರೆದಾಗ, ಅವ್ವ ಒಳಗಿಂದಲೇ, "ನೀನು ಹೋಗು. ನಾನು ನಾಳೆ ನೋಡ್ತೆ" ಎಂದಳು. ಮರುದಿನವೂ ಅದೇ ಮಾತು. ಅಕ್ಕ ಇನ್ನೂ ಕೆಲವು ದಿನ ಬಂದು ಕರೆದಳು, ಕರೆಯುವ ಪದ್ಧತಿಗಾಗಿ. ಆಮೇಲೆ ದಾರಿಯಲ್ಲಿ ಹೋಗುವಾಗ ದನಿ ತಗ್ಗಿಸಿಕೊಂಡು ಹೋಗತೊಡಗಿದಳು.

ಮೀನು ಮಾರಲು ಹೋಗದವಳಿಗೆ ಸಂಜೆ ಮೀಯುವ ಕಟ್ಟುಪಾಡಿಲ್ಲ. ಅವ್ವ ಮಧ್ಯಾಹ್ನ ಮೀಯತೊಡಗಿದಳು. ನಾನು ನೀರು ಹದ ಮಾಡಿ ಬಕೇಟಿನಲ್ಲಿ ಇಟ್ಟು ಬರುತ್ತಿದ್ದೆ. ಬೆನ್ನು ಉಜ್ಜಲೇ ಎಂದರೆ ಬೇಡ ಅನ್ನುತ್ತಿದ್ದಳು, ಒಂದು ದಿನ ಅನ್ನಲಿಲ್ಲ. ಆಮೇಲೆ ದಿನವೂ ಉಜ್ಜಿದೆ. ಸುಟ್ಟ ಕೈಯ ಚರ್ಮ ಮೊಣಕೈವರೆಗೆ ನುಣುಪಾಗಿತ್ತು, ಸೋಪು ಅಲ್ಲಿ ಬೇಗ ಜಾರುತ್ತಿತ್ತು.

ಸಂಜೆಯ ಬಚ್ಚಲು ಅಣ್ಣನದಾಯಿತು. ಅವನು ಹಗಲೆಲ್ಲ ಕಡಲ ದಂಡೆಯಲ್ಲಿ ಕೂತು ಬೇರೆಯವರ ಬಲೆಗಳನ್ನು ಹೆಣೆಯುತ್ತಿದ್ದ. ಹೊತ್ತು ಇಳಿಯುವ ಮೊದಲೇ ಮನೆ ಸೇರುತ್ತಿದ್ದ. ಅವನು ಮೀಯಲು ಹೋದಾಗ ಅವ್ವ ಹಿತ್ತಲ ಮೆಟ್ಟಿಲಿಗೆ ಬಂದು ಕೂರುತ್ತಿದ್ದಳು. ಮೊದಮೊದಲು ಸುಮ್ಮನೆ ಕೂರುತ್ತಿದ್ದಳು. ನಾನು ಸ್ವಿಚ್ಚು ಒತ್ತುತ್ತಿದ್ದೆ.

ಒಂದು ಸಂಜೆ, ನೀರು ಹೊಯ್ದುಕೊಳ್ಳುವ ಸದ್ದು ನಡೆದಿದ್ದಾಗ, ಅವಳು ಎದ್ದು ನಿಂತು ಬಾಗಿಲ ಪಕ್ಕದ ಗೋಡೆಯ ಮೇಲೆ ಕೈಯಾಡಿಸಿ ಸ್ವಿಚ್ಚು ಒತ್ತಿ ದೀಪ ಆರಿಸಿದಳು. ಒಳಗೆ ಸದ್ದು ನಿಂತಿತು.

"ಅವ್ವ, ಕರೆಂಟು ಹೋತು" ಎಂದ ಅಣ್ಣ.

"ಹೋಗ್ಲಿಲ್ಲ. ನಾ ತೆಗ್ದೆ."

"ಎಂತಕೆ?"

"ಹಂಡೆ ಎಲ್ಲದೆ ಹೇಳು."

"ಇನ್ನೂ ಕಾಣ್ತದೆ ಅವ್ವ ನಂಗೆ. ಲೈಟು ಹಾಕು."

"ಕಾಣುವಾಗ್ಲೇ ಕಲ್ತ್ಕ. ನಂಗೆ ಯಾರೂ ಹೇಳ್ಲಿಲ್ಲ. ತೊಟ್ಟಿ ಅಂಚು ಹಿಡ್ಕ. ಎಡಗೈಲಿ. ಅಲ್ಲಿಂದ ಒಂದು ಮೊಳ ಬಲಕ್ಕೆ ಹಂಡೆ. ಕೈ ಮೇಲಿಂದ ತರ್ಬೇಡ, ಪಕ್ಕದಿಂದ ತಾ. ಬಿಸಿ ಬಡಿದ ಕೂಡ್ಲೆ ನಿಲ್ಸು."

ನಾನು ಸ್ವಿಚ್ಚಿನ ಕಡೆ ಹೋದೆ. ಅವಳು ನನ್ನ ಹೆಜ್ಜೆ ಕೇಳಿ ಕೈ ಅಡ್ಡ ಹಿಡಿದಳು.

ಒಳಗೆ ಒದ್ದೆ ಅಂಗೈ ತೊಟ್ಟಿಯ ಅಂಚಿನ ಮೇಲೆ ಸರಿಯುವ ಸದ್ದು. ಆಮೇಲೆ ಚೊಂಬು ಹಂಡೆಯ ಕಂಠಕ್ಕೆ ಬಡಿದ ಸದ್ದು, ಒಮ್ಮೆ, ಇನ್ನೊಮ್ಮೆ.

"ತಪ್ತು" ಎಂದ ಅಣ್ಣ.

"ಮತ್ತೊಂದ್ಸಲ" ಎಂದಳು ಅವ್ವ.